ತುಕ್ಕು ಅಂದರೆ ಯಾವ ತುಕ್ಕು?

ನಮಸ್ಕಾರ. ಮುಂಬೈಯಲ್ಲಿ ಹಳೇ ಕಾರು ಕೊಳ್ಳುವ ನಮ್ಮ ಜನಕ್ಕಾಗಿ ಕನ್ನಡದಲ್ಲೊಂದು ಪಟ್ಟಿ ಬರೆಯುತ್ತಿದ್ದೇನೆ, ಹತ್ತು ಹನ್ನೆರಡು ವರ್ಷ ಓಡಿದ ವ್ಯಾಗನ್ ಆರ್, ಸ್ಯಾಂಟ್ರೋ ಥರದ ಗಾಡಿ ನೋಡಲು ಹೋದಾಗ ಏನೇನು ಗಮನಿಸಬೇಕು ಅಂತ. ಇಂಜಿನ್ ಭಾಗ ಸಲೀಸಾಗಿ ಮುಗಿಯಿತು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಗಾಡಿ ಆಯಿಲ್ ಕುಡಿಯುತ್ತಿದೆ ಅಂತ. ಇನ್ನು ಕ್ಲಚ್ ಜಾರುತ್ತಿದೆ, ಬುಶ್ ಸವೆದಿದೆ ಅಂತ ಬರೆದರೂ ಸಾಕು. ಎಲ್ಲರಿಗೂ ಅರ್ಥವಾಗುತ್ತದೆ. ಸಿಕ್ಕಿಹಾಕಿಕೊಂಡಿದ್ದು ತುಕ್ಕಿನ ಹತ್ತಿರ, ಯಾವ ತುಕ್ಕಿಗೆ ಯಾವ ಮಾತು ಬಳಸಬೇಕು ಅಂತ.

ಸಮುದ್ರದ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಇಲ್ಲಿನ ಗಾಡಿಗೆ ತುಕ್ಕು ಹಿಡಿಯದಿದ್ದರೇ ಆಶ್ಚರ್ಯ. ಆದರೆ ಗೀರು ಬಿದ್ದ ಕಡೆ ಕಾಣುವ ಕಂದು ಪುಡಿ ಬೇರೆ, ಅದನ್ನು ಉಜ್ಜಿ ಪೇಂಟ್ ಮುಟ್ಟಿಸಿದರೆ ಮುಗಿಯಿತು. ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟ್ ಉಬ್ಬುತ್ತದಲ್ಲ, ಅದು ಬೇರೆ. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಎಲೆ ಮಣ್ಣು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಕಾಣುವುದು ಒಂದೆರಡು ಗುಳ್ಳೆ ಮಾತ್ರ. ಮಾರುವವರು ಅದರ ಮೇಲೆ ಪುಟ್ಟಿ ಮೆತ್ತಿಸಿದ್ದರೆ ಅದೂ ಕಾಣುವುದಿಲ್ಲ. ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿ, ದಪ್ಪ ಪುಟ್ಟಿ ಇದ್ದಲ್ಲಿ ಅಂಟುವುದಿಲ್ಲ. ಇನ್ನು ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದಾಗ ಫ್ಲೋರ್ ಹಪ್ಪಳದ ಹಾಗೆ ಮುರಿದು ರಸ್ತೆ ಕಂಡರೆ, ಅಂಥ ಗಾಡಿ ಪುಕ್ಕಟೆ ಕೊಟ್ಟರೂ ಬೇಡ.

ಎಲ್ಲದಕ್ಕೂ ತುಕ್ಕು ಅಂತಲೇ ಬರೆದರೆ ಕೆಲವರು ಬರೀ ಕಂದು ಪುಡಿಗೆ ಹೆದರಿ ಒಳ್ಳೇ ಗಾಡಿ ಬಿಟ್ಟು ಬರುತ್ತಾರೆ, ಕೆಲವರು ತಳ ಹೋದದ್ದನ್ನೂ ಪೇಂಟ್ ಹೊಡೆಸಿದರಾಯಿತು ಅಂತ ತಗೊಳ್ಳುತ್ತಾರೆ. ಇಲ್ಲಿನ ಗ್ಯಾರೇಜಿನಲ್ಲಿ ಮರಾಠಿಯವರು ಗಂಜ್ ಅಂತಾರೆ, ಹಿಂದಿಯವರು ಜಂಗ್. ತಳ ಹೋಗಿದ್ದರೆ ಮಾತ್ರ ‘ಸಡ್ ಗಯಾ’. ಅದನ್ನು ಕನ್ನಡದಲ್ಲಿ ಕೊಳೆತಿದೆ ಅಂದರೆ ನನಗೆ ಟೊಮೆಟೊ ನೆನಪಾಗುತ್ತದೆ. ಹುಬ್ಬಳ್ಳಿ ಕಡೆಯ ‘ಜಂಗ ಹತ್ತೈತಿ’ ಚೆನ್ನಾಗಿದೆ, ಆದರೆ ಅದೂ ಬರೀ ತುಕ್ಕೇ ಅಲ್ವಾ? ಕಿಲುಬು ತಾಮ್ರ ಹಿತ್ತಾಳೆಯದು, ಹಾಗಾಗಿ ಬ್ಯಾಟರಿ ಟರ್ಮಿನಲ್ ಮೇಲೆ ಕೂರುವ ಹಸಿರು ಪುಡಿಗೆ ಇಟ್ಟುಕೊಂಡಿದ್ದೇನೆ.

ಸದ್ಯಕ್ಕೆ ಮೇಲಿನದು ತುಕ್ಕು, ಉಬ್ಬಿದ್ದು ಗುಳ್ಳೆ, ತಗಡೇ ತಿಂದುಹೋಗಿ ಪುಡಿಯಾದದ್ದು ಲಡ್ಡು ಅಂತ ಬರೆದಿದ್ದೇನೆ. ಮರಕ್ಕೆ ಲಡ್ಡು ಹಿಡಿಯುವುದು ಗೊತ್ತು. ತಗಡಿಗೆ, ಕಬ್ಬಿಣಕ್ಕೆ ನಿಮ್ಮ ಊರಲ್ಲಿ ಹಾಗೆ ಹೇಳುತ್ತಾರಾ? ‘ಫ್ಲೋರ್ ಲಡ್ಡಾಗಿದೆ’ ಅಂತ ಓದಿ ಯಾರಾದರೂ ತಿರುಪತಿ ನೆನಪಿಸಿಕೊಂಡರೆ ಕಷ್ಟ.

ಇನ್ನೊಂದು ಸಣ್ಣದು. ಡಿಕ್ಕಿ, ಅಂದರೆ ಕಾರಿನ ಹಿಂದೆ ಸಾಮಾನು ಇಡುವ ಜಾಗ. ‘ಡಿಕ್ಕಿ ಸರಿಯಾಗಿ ನೋಡಿ’ ಅಂತ ಬರೆದಿದ್ದಕ್ಕೆ ಮನೆಯಲ್ಲೇ ‘ಯಾರು ಹೊಡೆದಿದ್ದು?’ ಅಂತ ಕೇಳಿದರು. ನಾನು ಹೇಳಹೊರಟಿದ್ದು ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತಿದೆಯಾ ನೋಡಿ ಅಂತ. ‘ಹಿಂದಿನ ಡಿಕ್ಕಿ’ ಅಂದರೆ ಇನ್ನೂ ಕೆಟ್ಟದು, ಹಳೇ ಆಕ್ಸಿಡೆಂಟ್ ಅಂದುಕೊಳ್ಳುತ್ತಾರೆ. ಟಿಂಕರಿಂಗ್ ಕೆಲಸದವರ ಹತ್ತಿರ ಕೇಳಿದ ಮಾತಿದ್ದರೆ ಅದನ್ನೇ ಮೊದಲು ಕಳಿಸಿ, ಯಾವ ಊರಿನ ಮಾತು ಅಂತಲೂ ಬರೆಯಿರಿ.