ದೋಣಿ ಒಡಲಿನ ಟೀಪಾಯಿ, ಮೇಲೆ ಕಿಲ್ನ್ ಗಾಜು: ಕೂರಿಸೋದು ಹೇಗೆ?

ಉಳಿಪೆಟ್ಟು:

ಎಲ್ಲರಿಗೂ ನಮಸ್ಕಾರ. ನಾನು ಮರಗೆಲಸದವನು. ಕುರ್ಚಿ, ಮೇಜು, ಕಪಾಟು ಮಾಡಿ ಕೈ ಪಳಗಿದೆ. ದೋಣಿ, ಗಾಜು ಎರಡೂ ನನಗೆ ಹೊಸದು. ಈಗ ಒಂದು ಟೀಪಾಯಿ ಮಾಡುವ ಆಸೆ ಹತ್ತಿದೆ. ಅದಕ್ಕೆ ನಾಲ್ಕು ಕಾಲು ಇರಲ್ಲ. ಕೆಳಗೆ ಚಿಕ್ಕ ದೋಣಿಯ ಒಡಲು, ತೆಳು ಮರದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ್ದು. ಮೇಲೆ 600 ಮಿ.ಮೀ. ಅಗಲದ ತೇಗದ ಹಲಗೆ. ಹಲಗೆಯ ನಡುವೆ ಉದ್ದನೆಯ ಕಿಂಡಿ ಕೊರೆದು, ಕಿಲ್ನ್‌ನಲ್ಲಿ (ಗಾಜು ಕರಗಿಸುವ ಕುಲುಮೆ) ಕರಗಿಸಿದ ನೀಲಿ ಗಾಜನ್ನು ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ರಾಳದ ಅಂಟು) ಹಾಕಿ ಅಂಟಿಸಬೇಕು ಅಂತಿದ್ದೇನೆ. ಮೇಲಿಂದ ನೋಡಿದರೆ ಒಡಲು ನೀರಿನಡಿ ಇದ್ದ ಹಾಗೆ ಕಾಣಬೇಕು.

ಹೀಗೆ ಅಂಟಿಸಿದರೆ ಗಾಜು ಉಳಿಯುತ್ತಾ? ಒಡಲು ನೀರಿಗೆ ಇಳಿಯೋದೇ ಇಲ್ಲ, ಅದಕ್ಕೂ ಫೈಬರ್‌ಗ್ಲಾಸ್ ಬಟ್ಟೆ (ಗಾಜಿನ ನೂಲಿನಿಂದ ನೇಯ್ದದ್ದು) ಬೇಕಾ? ಇನ್ನೊಂದು ಮಾತು. ಮೂರೂ ಕೆಲಸ ಒಬ್ಬನೇ ಮಾಡೋದು ಅತಿಯಾಸೆ ಅಂತ ಗೆಳೆಯರು ಹೇಳ್ತಾರೆ. ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಹುಟ್ಟುಗೋಲು:

ಅತಿಯಾಸೆ ಅಲ್ಲ, ಖಂಡಿತ ಮಾಡಿ. ನಾನು ಮೊದಲು ದೋಣಿ ಕಟ್ಟುತ್ತಿದ್ದವನು, ಆಮೇಲೆ ಪೀಠೋಪಕರಣಕ್ಕೆ ಬಂದೆ. ಈಗ ಎರಡನ್ನೂ ಒಂದೇ ಕೊಟ್ಟಿಗೆಯಲ್ಲಿ ಮಾಡುತ್ತೇನೆ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ದಿನಾ ಉಪಯೋಗಕ್ಕೆ ಬರುತ್ತದೆ. ದೋಣಿ ಅಂದ ತಕ್ಷಣ ಹೆದರಬೇಡಿ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಸೇರಿ ಮಿರರ್ ಎಂಬ ಪುಟ್ಟ ಹಾಯಿದೋಣಿ ರೂಪಿಸಿದರು. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಮೆತ್ತುವ ವಿಧಾನ. ದೋಣಿ ಕಟ್ಟಿ ಗೊತ್ತೇ ಇಲ್ಲದ ಸಾವಿರಾರು ಜನ ಮನೆಯಲ್ಲೇ ಅದನ್ನು ಕಟ್ಟಿದರು.

ಆದರೆ ಗಾಜನ್ನು ಎಪಾಕ್ಸಿಯಿಂದ ಅಂಟಿಸುವ ಯೋಚನೆ ಬಿಟ್ಟುಬಿಡಿ. ಲೆಕ್ಕ ನೋಡಿ. ಮರದೊಳಗಿನ ತೇವ ಶೇ. 4ರಷ್ಟು ಏರಿಳಿದರೆ 600 ಮಿ.ಮೀ. ತೇಗದ ಹಲಗೆ ಅಗಲದಲ್ಲಿ 4-5 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ತೇಗ ಆದ್ದರಿಂದ ಇಷ್ಟು. ಬೀಚ್ ಆಗಿದ್ದರೆ ಎರಡು ಪಟ್ಟು. ಅಷ್ಟೇ ಅಗಲದ ಗಾಜು 30 ಡಿಗ್ರಿ ಬಿಸಿ ಏರಿದರೂ 0.2 ಮಿ.ಮೀ. ಕೂಡ ಬೆಳೆಯಲ್ಲ. ಮರ ಕದಲುತ್ತದೆ, ಗಾಜು ಕದಲಲ್ಲ, ನಡುವಿನ ಅಂಟು ಬಗ್ಗಲ್ಲ. ಅಂಟು ಬಿಡಬೇಕು, ಇಲ್ಲ ಮರ ಸೀಳಬೇಕು, ಇಲ್ಲ ಗಾಜು ಒಡೆಯಬೇಕು.

ಒಂದೇ ಹಲಗೆಗೆ ಕಿಂಡಿ ಕೊರೆಯೋದರ ಬದಲು 75 ಮಿ.ಮೀ. ಅಗಲದ ನಾಲ್ಕು ಪಟ್ಟಿಗಳಿಂದ ಚೌಕಟ್ಟು ಮಾಡಿ. ಮರ ಉದ್ದಕ್ಕೆ ಕದಲೋದೇ ಇಲ್ಲ ಅನ್ನಬಹುದು, ಕದಲೋದು ಎಳೆಗೆ ಅಡ್ಡವಾಗಿ. ಚೌಕಟ್ಟಿನಲ್ಲಿ ಕಿಂಡಿಯ ಅಳತೆ ನಿಲ್ಲುವುದು ಪಟ್ಟಿಗಳ ಉದ್ದದ ಮೇಲೆ. ಹಾಗಾಗಿ ಗಾಜಿನ ಸುತ್ತ 2 ಮಿ.ಮೀ. ಸಂದಿ ಬಿಟ್ಟರೆ ಧಾರಾಳ. ಒಳ ಅಂಚಿಗೆ ಗಾಜು ಕೂರುವಂತೆ ಮೆಟ್ಟಿಲು ಹೊಡೆದು, ಸಿಲಿಕೋನ್ ಅಥವಾ ರಬ್ಬರಿನ ಸಣ್ಣ ಬಿಲ್ಲೆಗಳ ಮೇಲೆ ಗಾಜನ್ನು ಸುಮ್ನೆ ಇಡಿ. ಅದರ ಭಾರಕ್ಕೆ ಅದು ಕೂರುತ್ತದೆ. ನಾಳೆ ತೆಗೆದು ಒರೆಸಬೇಕಾದರೂ ಸುಲಭ.

ಮೊದಲು ಗಾಜು ಮಾಡಿ, ಆಮೇಲೆ ಮರ ಕತ್ತರಿಸಿ. ಕಿಲ್ನ್‌ನಿಂದ ಬಂದ ಗಾಜಿನ ಅಂಚು ದುಂಡಗೆ ಉರುಟಿಕೊಂಡಿರುತ್ತದೆ. ಗೆರೆ ಎಳೆದ ಹಾಗೆ ನೇರ ಇರಲ್ಲ. ಅದನ್ನೇ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸಿ, ಆ ಅಳತೆಗೆ ಮೆಟ್ಟಿಲು ಹೊಡೆಯಿರಿ.

ಇನ್ನು ಒಡಲು. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು ನನಗೆ. ಒಡಲಿಗೆ ಆಕಾರ ಕೊಡುವ ಅಡ್ಡ ಅಚ್ಚುಗಳನ್ನು ನಿಲ್ಲಿಸಿದ ಮೇಲೆ ಪಟ್ಟಿ ಅಂಟಿಸಲು ಅವಸರ ಮಾಡಬೇಡಿ. ಗಂಟಿಲ್ಲದ, ಉದ್ದನೆಯ, ಬಳುಕುವ ಒಂದು ರೀಪನ್ನು ಅಚ್ಚುಗಳ ಮೇಲೆ ಮಲಗಿಸಿ. ತುದಿಗೆ ಹೋಗಿ, ಬಗ್ಗಿ, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿ. ಎಲ್ಲಿ ಉಬ್ಬಿದೆ, ಎಲ್ಲಿ ಅಚ್ಚನ್ನು ಮುಟ್ಟದೆ ತೇಲುತ್ತಿದೆ ಅಂತ ಕಾಣುತ್ತದೆ. ಉಬ್ಬಿದ ಅಚ್ಚನ್ನು ಕೀಸಿ, ತಗ್ಗಿದ್ದಕ್ಕೆ ತೆಳು ಚಕ್ಕೆ ಸೇರಿಸಿ. ನಕ್ಷೆಯ ಅಳತೆಗೂ ರೀಪಿಗೂ ಜಗಳ ಬಂದರೆ ನಾನು ರೀಪನ್ನೇ ನಂಬುತ್ತೇನೆ. ಪಟ್ಟಿ ಅಂಟಿಸಿ ಉಜ್ಜುವಾಗ ಕೋಣೆಯ ದೀಪ ಆರಿಸಿ, ಒಂದು ಬಲ್ಬನ್ನು ಒಡಲಿನ ಪಕ್ಕದಲ್ಲಿ ತಗ್ಗಾಗಿ ಇಡಿ. ಹಗಲಲ್ಲಿ ಕಾಣದ ಏರುತಗ್ಗು ಆಗ ಉದ್ದುದ್ದ ನೆರಳಾಗಿ ಏಳುತ್ತದೆ. ಕಡೆಗೆ ಅಂಗೈ. ಕಣ್ಣಿಗೆ ತಪ್ಪಿಸಿಕೊಂಡದ್ದು ಅಂಗೈಗೆ ಸಿಗುತ್ತದೆ.

ಫೈಬರ್‌ಗ್ಲಾಸ್ ಬಟ್ಟೆ ಬೇಕು. ನೀರಿಗಾಗಿ ಅಲ್ಲ. 6 ಮಿ.ಮೀ. ಪಟ್ಟಿಗಳ ಒಡಲು ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ತೀರಾ ದುರ್ಬಲ. ಯಾರೋ ಕಾಲು ತಗುಲಿಸಿದರೆ ಎಳೆಯ ಉದ್ದಕ್ಕೆ ಬಿರುಕು ಬಿಡಬಹುದು. ಒಳಗೂ ಹೊರಗೂ ತೆಳು ಬಟ್ಟೆ ಹಾಕಿದರೆ ಅಡ್ಡಕ್ಕೂ ಬಲ ಬರುತ್ತದೆ. ಕಾಣಿಸುತ್ತದೆ ಅನ್ನುವ ಭಯ ಬೇಡ. ಬೆಳ್ಳಗಿನ ಬಟ್ಟೆ ಎಪಾಕ್ಸಿ ಕುಡಿಯುತ್ತಾ ಹೋದ ಹಾಗೆ ಮಾಯವಾಗಿ, ಅಡಿಯಿಂದ ಮರದ ಬಣ್ಣ ಎದ್ದು ಬರುತ್ತದೆ. ಹಚ್ಚುವ ಹೊತ್ತು ಮಾತ್ರ ನೋಡಿಕೊಳ್ಳಿ. ಕೋಣೆ ಬಿಸಿಯಾಗುತ್ತಿರುವಾಗ ಹಚ್ಚಿದರೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ. ಬಿಸಿ ಇಳಿಯುವ ಸಂಜೆ ಹೊತ್ತಲ್ಲಿ ಹಚ್ಚಿ, ಮರವೇ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ಚರ್ಮಕ್ಕೆ ತಾಗಿಸಬೇಡಿ, ಅಲರ್ಜಿ ಒಮ್ಮೆ ಶುರುವಾದರೆ ಬಿಡಲ್ಲ. ಬಿಸಿಲು ಬೀಳುವ ಜಾಗ ಆದರೆ ಮೇಲೆ ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವ ವಾರ್ನಿಷ್ ಇರಲಿ, ಇಲ್ಲವಾದರೆ ಎಪಾಕ್ಸಿ ಹಳದಿ ತಿರುಗುತ್ತದೆ.

ಬಣ್ಣದಗಾಜು:

ಹುಟ್ಟುಗೋಲು ಅವರು ಮರದ ಕಡೆಯಿಂದ ಎಲ್ಲಾ ಹೇಳಿದ್ದಾರೆ. ನಾನು ಗಾಜು ಮಾಡುವವಳು, ಆ ಕಡೆಯದು ಹೇಳುತ್ತೇನೆ.

ನೀಲಿ ಗಾಜು ಎಲ್ಲಿಂದಲೋ, ಪಾರದರ್ಶಕ ಗಾಜು ಕಿಟಕಿಯದ್ದು ಅಂತ ಬೆರೆಸಬೇಡಿ. ಎರಡೂ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಆದರೆ ಒಂದಾಗಿ ಕರಗಿದ ಮೇಲೂ ಒಳಗೆ ಎಳೆದಾಟ ಉಳಿಯುತ್ತದೆ. ಕಿಲ್ನ್‌ನಿಂದ ಚೆನ್ನಾಗಿಯೇ ಹೊರಬಂದು ವಾರಗಳಾದ ಮೇಲೆ ಬಿರುಕು ಬಿಡಬಹುದು. ಪರೀಕ್ಷೆ ಸುಲಭ. ಬಣ್ಣದ ಚೂರನ್ನು ಪಾರದರ್ಶಕ ತುಂಡಿನ ಮೇಲಿಟ್ಟು ಕರಗಿಸಿ, ತಣಿಸಿ, ಎರಡು ಪೋಲರೈಸಿಂಗ್ ಹಾಳೆಗಳ (ಒಂದು ದಿಕ್ಕಿನ ಬೆಳಕನ್ನಷ್ಟೇ ಬಿಡುವ ಹಾಳೆ) ನಡುವೆ ಹಿಡಿಯಿರಿ. ಹಾಳೆಗಳನ್ನು ಒಂದಕ್ಕೊಂದು ಅಡ್ಡ ತಿರುಗಿಸಿದಾಗ ಎಲ್ಲಾ ಕತ್ತಲಾಗಬೇಕು. ಚೂರಿನ ಸುತ್ತ ಬೆಳಕಿನ ಉಂಗುರ ಕಂಡರೆ ಆ ಜೋಡಿ ಬೇಡ.

ಎರಡನೆಯದು ತಣಿಸುವುದು. ಸುಮಾರು 800 ಡಿಗ್ರಿಯಲ್ಲಿ ಗಾಜು ಪೂರ್ತಿ ಒಂದಾಗುತ್ತದೆ. ಆಮೇಲೆ 500 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಿಸಿ ಮೆಲ್ಲಗೆ ಇಳಿಸಬೇಕು. ದಪ್ಪ ಎರಡು ಪಟ್ಟಾದರೆ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಕು. ನೀರಿನ ಅಲೆಯಂತೆ ಕಾಣಲಿ ಅಂತ ಒಂದು ಕಡೆ ದಪ್ಪ, ಒಂದು ಕಡೆ ತೆಳು ಮಾಡುವುದಾದರೆ, ಲೆಕ್ಕ ದಪ್ಪದ ಕಡೆಯದ್ದೇ ಹಿಡಿಯಬೇಕು, ಅದಕ್ಕೂ ಇನ್ನಷ್ಟು ಸಮಯ ಸೇರಿಸಬೇಕು.

ಇನ್ನು ಸುರಕ್ಷೆ. ಕಿಲ್ನ್ ಗಾಜು ಒಡೆದರೆ ಚೂಪು ಚೂರುಗಳಾಗುತ್ತದೆ. ಮಕ್ಕಳು ಓಡಾಡುವ ಕಡೆ ಟೀಪಾಯಿಗೆ ಅದೊಂದನ್ನೇ ಹಾಕಬೇಡಿ. ಮೇಲೆ ಟಫನ್ಡ್ ಗಾಜು (ಒಡೆದರೆ ಮೊಂಡು ಚೂರಾಗುವಂತೆ ಬಿಸಿ ಮಾಡಿ ಗಟ್ಟಿಗೊಳಿಸಿದ್ದು), ಅದರಡಿ ನಿಮ್ಮ ಗಾಜು ಇಡಿ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರಲ್ಲ, ಅಳತೆ ಮೊದಲೇ ಸರಿಯಾಗಿ ಕೊಡಿ.

ಒಬ್ಬರೇ ಮಾಡಬಹುದಾ ಅಂತ ಕೇಳಿದಿರಿ. ಕಲಾವಿದರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಗಾಜನ್ನು ಕಾರ್ಖಾನೆಯ ಕೆಲಸ ಅಂತಲೇ ತಿಳಿದಿದ್ದರು. 1962ರಲ್ಲಿ ಅಮೆರಿಕದ ಟೊಲೆಡೊ ಕಲಾ ಸಂಗ್ರಹಾಲಯದಲ್ಲಿ ಕಲಾವಿದ ಹಾರ್ವೆ ಲಿಟಲ್ಟನ್ ಚಿಕ್ಕ ಕುಲುಮೆ ಇಟ್ಟು ಕಾರ್ಯಾಗಾರ ನಡೆಸಿದರು. ಮೊದಲು ಕರಗಿಸಿದ ಗಾಜು ಕೈಗೆ ಬಗ್ಗಲಿಲ್ಲ. ಗಾಜಿನ ತಂತ್ರಜ್ಞ ಡೊಮಿನಿಕ್ ಲ್ಯಾಬಿನೋ ಫೈಬರ್‌ಗ್ಲಾಸ್ ತಯಾರಿಸಲು ಬಳಸುವ ಗಾಜಿನ ಗೋಲಿಗಳನ್ನು ಕರಗಿಸಲು ಹೇಳಿದರು, ಕೆಲಸ ಸಾಗಿತು. ಇವತ್ತು ನನ್ನಂಥವಳು ಒಬ್ಬಳೇ ಕಿಲ್ನ್ ಇಟ್ಟುಕೊಂಡು ಕೂತಿರೋದಕ್ಕೆ ಅವರ ಋಣ ದೊಡ್ಡದು.

ಉಳಿಪೆಟ್ಟು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಲಗೆ ಬಿಟ್ಟು ಚೌಕಟ್ಟು ಅಂತ ತೀರ್ಮಾನ ಮಾಡಿದೆ. ಗಾಜಿನಿಂದಲೇ ಶುರು. ಕಡೆಯದಾಗಿ ಒಂದು ಪ್ರಶ್ನೆ. ಒಡಲಿನ ಒಳಗೆ ವಾರ್ನಿಷ್ ಹೊಳೆಯುವಂಥದ್ದೋ, ಮ್ಯಾಟೋ?

ಹುಟ್ಟುಗೋಲು:

ಒಳಗೆ ಮ್ಯಾಟ್, ಹೊರಗೆ ನಿಮ್ಮಿಷ್ಟ. ಮೇಲೆ ಗಾಜು ಹೊಳೆಯುತ್ತದೆ, ಅಡಿಯಲ್ಲಿ ವಾರ್ನಿಷ್ ಕೂಡ ಹೊಳೆದರೆ ಎರಡು ಪ್ರತಿಬಿಂಬ ಸೇರಿ ಪಟ್ಟಿಗಳು ಕಾಣೋದೇ ಇಲ್ಲ. ಬಿಲ್ಲೆಗಳ ನಡುವಿನ ಸಂದಿಯನ್ನು ಸಿಲಿಕೋನ್ ಹಾಕಿ ಮುಚ್ಚಬೇಡಿ. ಗಾಳಿ ಆಡದಿದ್ದರೆ ಒಳಗಿನ ತೇವ ಗಾಜಿನಡಿ ಮಂಜಾಗಿ ಕೂರುತ್ತದೆ.