ಸಹಾಯ ಬೇಕು: ಮಂಗಳೂರಲ್ಲಿ ಆರು ಮಂದಿಗೆ ಮೂರು ಬಾಡಿಗೆ ಮನೆ

ನಮಸ್ಕಾರ. ವರ್ಷಗಟ್ಟಲೆ ಬಸ್ ನಿಲ್ದಾಣ, ಅಂಗಡಿ ಜಗಲಿಗಳಲ್ಲಿ ಮಲಗಿದವರಿಗೆ ಮನೆ ಹುಡುಕುತ್ತಿದ್ದೇವೆ, ಒಂದರಲ್ಲಿ ಇಬ್ಬರಂತೆ. ರಾತ್ರಿ ತಂಗುದಾಣ ಅಲ್ಲ, ಅವರದೇ ಹೆಸರಿನ ಬಾಡಿಗೆ ಕರಾರು. ಕುಡಿತ ಬಿಟ್ಟರೆ ಮಾತ್ರ ಮನೆ ಎಂಬ ಷರತ್ತೂ ಇಲ್ಲ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ‘ಮೊದಲು ಮನೆ’ ಪದ್ಧತಿಯ ಲೆಕ್ಕ ಇದೇ: ಮನೆಯಿದ್ದರೆ ಚಿಕಿತ್ಸೆಯೂ ಸಲೀಸು. ಮಲಗಲು ಜಾಗವಿಲ್ಲದವರು ಮಾತ್ರೆ ಎಲ್ಲಿ ಇಟ್ಟುಕೊಳ್ಳುತ್ತಾರೆ ಮಾರಾಯ್ರೆ?

ವೆನ್ಲಾಕ್ ಆಸ್ಪತ್ರೆಗೆ ಒಂದೇ ಸಿಟಿ ಬಸ್ಸಿನಲ್ಲಿ ಹೋಗುವಂತಿರಬೇಕು. ಕೆಲವರಿಗೆ ತಿಂಗಳಿಗೊಂದು ಇಂಜೆಕ್ಷನ್ ಇದೆ. ಬಸ್ ಬದಲಿಸಬೇಕಾದರೆ ಅದು ತಪ್ಪುತ್ತದೆ. ನೆಲಮಹಡಿ, ಒಳಗೇ ಶೌಚಾಲಯ, ಬಾವಿ ಇದ್ದರೆ ಕಟ್ಟೆ ಮತ್ತು ಬಲೆ. ಫಿಟ್ಸ್ ಬರುವವರಿದ್ದಾರೆ, ಆದ್ದರಿಂದ ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯಲು ಬರಬೇಕು.

ಮೊದಲ ಮೂರು ತಿಂಗಳೇ ಕಷ್ಟ. ಹಳೆಯ ಗೆಳೆಯರು ಬಂದು ಠಿಕಾಣಿ ಹೂಡುತ್ತಾರೆ, ಇಲ್ಲವೇ ಒಂಟಿತನ ತಾಳದೆ ಇವರೇ ಬೀದಿಗೆ ಮರಳುತ್ತಾರೆ. ಹಾಗಾಗಿ ಆ ಅವಧಿಯಲ್ಲಿ ನಮ್ಮವರು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ಬರುತ್ತಾರೆ. ನೆರೆಯವರಿಗೆ ರಾತ್ರಿಯೂ ಎತ್ತುವ ಫೋನ್ ನಂಬರ್ ಕೊಡುತ್ತೇವೆ. 11 ತಿಂಗಳ ಕರಾರು. ಅಡ್ವಾನ್ಸ್, ಬಾಡಿಗೆ ಬ್ಯಾಂಕಿಗೇ ಬರುತ್ತದೆ.

ಇನ್ನೊಂದು ತೊಡಕು ಆಧಾರ್. ಹೊಸ ಅರ್ಜಿ ತಿರಸ್ಕೃತವಾದರೆ ಹಿಂದೆಂದೋ ನೋಂದಣಿ ಆಗಿರುವ ಸಾಧ್ಯತೆ ಹೆಚ್ಚು. ಬೆರಳಚ್ಚಿನಿಂದ ಹಳೆ ನಂಬರ್ ಹುಡುಕಬೇಕು. ಸವೆದ ಬೆರಳು ಓದದಿದ್ದರೆ ಕಣ್ಣಿನ ಸ್ಕ್ಯಾನ್. ಇದನ್ನು ತಾಳ್ಮೆಯಿಂದ ಮಾಡಿಕೊಡುವ ಕೇಂದ್ರ ಗೊತ್ತಿದ್ದರೆ ತಿಳಿಸಿ.

ಮೂರು ಕುಕ್ಕರ್ ಕೂಡ ಬೇಕು. ಕುಚ್ಚಲಕ್ಕಿ ಬರೀ ಪಾತ್ರೆಯಲ್ಲಿ ಬೇಯಿಸಿದರೆ ಗ್ಯಾಸ್ ಬೇಗ ಖಾಲಿ.