ಟರ್ಪಾಲಿಗೆ ಹಾಕುವ ‘ರಿಂಗ್’: ಐಲೆಟ್‌ಗೂ ಗ್ರೋಮೆಟ್‌ಗೂ ಬೇರೆ ಬೇರೆ ಶಬ್ದ ಉಂಟಾ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಹೊಲಿಗೆ ಕಲಿಯುವವರಿಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೀತಾ ಇದ್ದೇನೆ, ಒಂದು ಶಬ್ದ ಸಿಗದೆ ಎರಡು ದಿನದಿಂದ ಅಲ್ಲೇ ನಿಂತಿದ್ದೇನೆ. ಟರ್ಪಾಲಿನ ಅಂಚಿಗೆ ಹಗ್ಗ ಕಟ್ಲಿಕ್ಕೆ, ಶೂಗೆ ಲೇಸ್ ಹಾಕ್ಲಿಕ್ಕೆ ತೂತಿಗೆ ಲೋಹದ್ದೊಂದು ಕೂರಿಸ್ತಾರಲ್ಲ, ಅಂಗಡಿಯಲ್ಲಿ ಅದಕ್ಕೆಲ್ಲ ರಿಂಗ್ ಅಂತಲೇ ಹೇಳುವುದು. ಆದ್ರೆ ಅದು ಎರಡು ಬೇರೆ ವಸ್ತು.

ಐಲೆಟ್ ಒಂದೇ ತುಂಡು, ಗಿಡ್ಡ ಕೊಳವೆ, ಒಂದು ಬದಿಗೆ ಅಂಚು. ತೂತಲ್ಲಿ ತೂರಿಸಿ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದ್ರೆ ಹಿಂದಿನ ಬಾಯಿ ಬಿರಿದು ಬಟ್ಟೆ ಮೇಲೆ ಮಡಚಿಕೊಳ್ತದೆ. ಗ್ರೋಮೆಟ್‌ಗೆ ಹಿಂದಿನಿಂದ ಬೇರೆ ವಾಷರ್ ಉಂಟು, ಬಿರಿದ ಬಾಯಿ ಆ ವಾಷರ್ ಮೇಲೆ ಕೂತು ಬಟ್ಟೆಯನ್ನು ನಡುವಲ್ಲಿ ಅಮುಕಿ ಹಿಡೀತದೆ, ಕೆಲವಕ್ಕೆ ಬಟ್ಟೆ ಕಚ್ಚುವ ಹಲ್ಲೂ ಇರ್ತದೆ. ಎಳೆತ ಬೀಳುವಲ್ಲಿ ಇದೇ ಬೇಕು.

ಹೋದ ಮಳೆಗಾಲದಲ್ಲಿ ಜಗಲಿಗೆ ಇಳಿಬಿಡುವ ಟರ್ಪಾಲಿಗೆ ಅಂತ ರಿಂಗ್ ಕೇಳಿದೆ, ಕೊಟ್ಟದ್ದು ಒಂಟಿ ತುಂಡಿನದ್ದು, ನನಗೂ ಆಗ ಕೇಳ್ಲಿಕ್ಕೆ ಬೇರೆ ಹೆಸರು ಗೊತ್ತಿರ್ಲಿಲ್ಲ. ಒಂದು ರಾತ್ರಿಯ ಗಾಳಿಗೆ ನಾಲ್ಕು ಕಿತ್ತು ಬಂತು, ಬೆಳಿಗ್ಗೆ ನೋಡಿದ್ರೆ ರಿಂಗು ಹಗ್ಗದಲ್ಲೇ ನೇತಾಡ್ತಾ ಉಂಟು, ಟರ್ಪಾಲಿನ ತೂತಲ್ಲಿ ಹೆಬ್ಬೆರಳು ಹೋಗ್ತದೆ. ಉಳಿದವುಗಳ ಸುತ್ತ ಕೆಂಪು ಕಲೆ, ನಿಕಲ್ ಬಳಿದ ಕಬ್ಬಿಣ ಅದು, ನಮ್ಮ ಕಡಲ ಉಪ್ಪುಗಾಳಿಗೆ ತಡೀಲಿಲ್ಲ. ಹಿತ್ತಾಳೆಯದ್ದಾದ್ರೆ ಕಿಲುಬು ಹಿಡಿದೀತು, ತುಕ್ಕು ಹಿಡೀಲಿಕ್ಕಿಲ್ಲ.

ಈಗ ಶಬ್ದಕ್ಕೆ ಬರ್ತೇನೆ. ಐಲೆಟ್‌ಗೆ ‘ಕಣ್ಣು’ ಅಂದ್ರೆ ಸಾಕು ಅಂತ ನನ್ನ ಅಭಿಪ್ರಾಯ. ಸೂಜಿಗೆ ಕಣ್ಣು ಉಂಟು, ಬಲೆಗೆ ಕಣ್ಣು ಉಂಟು, ತೆಂಗಿನಕಾಯಿಗೂ ಉಂಟು, ಇಂಗ್ಲಿಷಿಗೆ ಆ ಶಬ್ದ ಬಂದದ್ದೂ ಫ್ರೆಂಚಿನ ‘ಪುಟ್ಟ ಕಣ್ಣಿ’ನಿಂದಲೇ. ಕಾಜ ಅನ್ನಬಹುದಲ್ಲ ಅಂತ ಒಬ್ಬರು ಹೇಳಿದ್ರು, ಆದ್ರೆ ದರ್ಜಿಗಳಿಗೆ ಕಾಜ ಅಂದ್ರೆ ನೂಲಲ್ಲಿ ಅಂಚು ಹೊಲಿದ ಗುಂಡಿತೂತು, ಅದನ್ನು ಇಲ್ಲಿಗೆ ಎಳೆದ್ರೆ ಕಲಿಯುವವರಿಗೆ ಗೊಂದಲ ಆಗ್ತದೆ.

ಕಷ್ಟ ಇರುವುದು ಗ್ರೋಮೆಟ್‌ಗೆ. ಮೂಲದಲ್ಲಿ ಅದು ಹಡಗಿನವರ ಹಗ್ಗದ ಬಳೆ, ಹಾಗಾಗಿ ‘ಜೋಡಿಬಳೆ’ ಅಂತ ಬರೆದು ನೋಡಿದೆ, ಓದುವಾಗ ಕೈಗೆ ಹಾಕುವ ಬಳೆಯೇ ಕಣ್ಣಿಗೆ ಬರ್ತದೆ. ‘ವಾಷರ್ ಕಣ್ಣು’ ಅಂದ್ರೆ ಹೇಗೆ? ಅಂಗಡಿಯಲ್ಲಿ ಕೇಳಿದ್ರೂ ತಿಳಿದೀತು. ಮಲ್ಪೆಯಲ್ಲಿ ಬೋಟಿನ ಟರ್ಪಾಲ್ ಹೊಲಿಯುವವರು, ಯಕ್ಷಗಾನದ ಡೇರೆ ಮೇಳದಲ್ಲಿ ಡೇರೆ ಕಟ್ಟಿದವರು ಇದಕ್ಕೆ ಏನು ಹೇಳ್ತಾರೆ, ಗೊತ್ತಿದ್ದವರು ತಿಳಿಸಿ. ತುಳುವಿನದ್ದಾದ್ರೂ ಆದೀತು, ಅವರು ಹೇಳುವ ಹಾಗೆಯೇ ಬರೀರಿ.